ಕಂಡದ್ದರ ಋಣ

ಕನ್ನಡದ 'ನೋಡು' ಎಂಬ ಕ್ರಿಯಾಪದ ಕಣ್ಣಿನ ಕೆಲಸವೊಂದನ್ನೇ ಹೇಳುವುದಿಲ್ಲ. ಹಾಡಿ ನೋಡು, ರುಚಿ ನೋಡು, ನಾಡಿ ನೋಡು, ಹೆಣ್ಣು ನೋಡು ಎಂದೆಲ್ಲ ಹೇಳುತ್ತೇವೆ. ಅದಕ್ಕೆ 'ಕೊಳ್ಳು' ಸೇರಿಸಿದರಂತೂ ಅರ್ಥವೇ ಬದಲಾಗುತ್ತದೆ. 'ಅತ್ತೆಯನ್ನು ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ', 'ಮಗುವನ್ನು ಸಂಜೆಯ ತನಕ ಪಕ್ಕದ ಮನೆಯವರು ನೋಡಿಕೊಂಡರು' ಎಂದಾಗ ನೋಡುವುದೆಂದರೆ ಹೊಣೆ ಹೊರುವುದು. ನಮ್ಮ ಹಿರಿಯರು ನೋಟವನ್ನೂ ಹೊಣೆಯನ್ನೂ ಒಂದೇ ಮಾತಿನಲ್ಲಿ ಗಂಟು ಹಾಕಿಟ್ಟರು.

ಊರಿನ ರೀತಿಯೂ ಹಾಗೆಯೇ ಇತ್ತು. ಬೀದಿಯಲ್ಲಿ ಒಂದು ಸಾವಾದರೆ ಕೊನೆಯ ಸಲ ಮುಖ ನೋಡಿ ಬರಬೇಕೆಂದು ಎಲ್ಲರೂ ಹೋಗುತ್ತಿದ್ದರು. ಹೋದವರು ನೋಡಿ ಸುಮ್ಮನೆ ಬರುತ್ತಿರಲಿಲ್ಲ. ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಮನೆಯಿಂದ ಅನ್ನ, ಸಾರು ಹೋಗುತ್ತಿತ್ತು. ಯಾರೋ ಮಕ್ಕಳನ್ನು ಕರೆದೊಯ್ದು ಉಣಿಸಿ ಮಲಗಿಸುತ್ತಿದ್ದರು. ಇನ್ನು ಯಾರೋ ದೂರದ ನೆಂಟರಿಗೆ ತಂತಿ ಕೊಡಲು ಓಡುತ್ತಿದ್ದರು. ಹಿಂದಿರುಗಿದವರು ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದರು. ಮಡಿ ಮೈಲಿಗೆಯ ಹೆಸರಿನಲ್ಲಿ ನಮ್ಮಲ್ಲಿ ನಡೆದ ಅನ್ಯಾಯವೇನು ಕಡಿಮೆಯೇ? ಅದನ್ನು ಸಮರ್ಥಿಸಲು ನಾನು ಹೊರಟಿಲ್ಲ. ಆದರೆ ಆ ಒಂದು ತಂಬಿಗೆ ನೀರಿನಲ್ಲಿ ವಿವೇಕವೊಂದು ಇತ್ತು. ಸಾವನ್ನು ಕಂಡ ಕಣ್ಣು ಅದೇ ಗಳಿಗೆಯಲ್ಲಿ ಅಡುಗೆಮನೆಗೆ ತಿರುಗಬಾರದು, ನಡುವೆ ಒಂದಿಷ್ಟು ಹೊತ್ತು ಕಳೆಯಬೇಕು ಎಂಬ ವಿವೇಕ ಅದು.

ಈಗ ಆ ನಡುವಿನ ಹೊತ್ತೇ ಇಲ್ಲ. ಬೆಳಗಿನ ಕಾಫಿ ಲೋಟ ಒಂದು ಕೈಯಲ್ಲಿ, ಮೊಬೈಲ್ ಇನ್ನೊಂದು ಕೈಯಲ್ಲಿ. ಮೊದಲು ಗುಲಾಬಿ ಹೂವಿನೊಡನೆ ಶುಭೋದಯ. ಅದರ ಕೆಳಗೆ ಲಾರಿ ಹರಿದ ಸ್ಕೂಟರ್, ರಸ್ತೆಯಲ್ಲಿ ಬಿದ್ದ ದೇಹ. ಅದರ ಕೆಳಗೆ ನುಗ್ಗೆಸೊಪ್ಪಿನ ಪಲ್ಯ ಮಾಡುವ ಕ್ರಮ. ಮತ್ತೂ ಕೆಳಗೆ ಹಾಡಹಗಲಿನಲ್ಲಿ ಒಬ್ಬನನ್ನು ನಾಲ್ವರು ಅಟ್ಟಿಸಿಕೊಂಡು ಹೋಗಿ ಕಡಿಯುವ ಸಿ.ಸಿ. ಟಿವಿ ದೃಶ್ಯ, 'ಹೃದಯ ಗಟ್ಟಿ ಇರುವವರು ಮಾತ್ರ ನೋಡಿ' ಎಂಬ ಒಕ್ಕಣೆ ಬೇರೆ. ಕಾಫಿ ಮುಗಿಯುವಷ್ಟರಲ್ಲಿ ಎರಡು ಸಾವು ಕಂಡಿರುತ್ತೇವೆ. ಸತ್ತವರ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಯಾವ ವರ್ಷದ್ದೆಂಬುದೂ ಗೊತ್ತಿಲ್ಲ. ಅವರ ಮನೆಗೆ ಅನ್ನ ಕಳಿಸುವುದು ಹೇಗೆ? ಸ್ನಾನ ಮಾಡುವುದು ಯಾವಾಗ?

ಇನ್ನೊಬ್ಬರ ಸಂಕಟವನ್ನು ಕಂಡಾಗ ನಮ್ಮ ಮೇಲೆ ಒಂದು ಋಣ ಬೀಳುತ್ತದೆ ಎಂದು ನಾನು ನಂಬಿದ್ದೇನೆ. ತೀರಿಸುವ ದಾರಿಯೇ ಇಲ್ಲದ ಇಂಥ ಋಣವನ್ನು ದಿನವೂ ಹೊತ್ತರೆ ಮನಸ್ಸು ಏನಾಗುತ್ತದೆ? ಹಾಗಾದರೆ ನೋಡದೇ ಇರುವುದೇ ಧರ್ಮವೇ? ಈ ಎರಡು ಪ್ರಶ್ನೆಗಳು ಇತ್ತೀಚಿನ ವರ್ಷಗಳಲ್ಲಿ ನನ್ನನ್ನು ಬಹಳ ಕಾಡಿವೆ.

ಮೊದಲನೆಯದಕ್ಕೆ ಉತ್ತರ ಶಾಲೆಯಲ್ಲೇ ಸಿಗುತ್ತದೆ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ಒಬ್ಬ ವಿದ್ಯಾರ್ಥಿನಿಯ ಕೊಲೆಯಾಯಿತು. ಆ ದೃಶ್ಯ ರಾಜ್ಯದ ಮೂಲೆಮೂಲೆಯ ಮೊಬೈಲ್‌ಗಳಿಗೆ ತಲುಪಿತು. ಆ ಬೇಸಿಗೆ ಕಳೆದು ಶಾಲೆ ತೆರೆದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, 'ಮಿಸ್, ಪಿಯುಸಿಗೆ ಊರಲ್ಲೇ ಸೇರ್ತೀನಿ, ಹೊರಗಡೆ ಬೇಡ' ಅಂದಳು. ಓದಿನಲ್ಲಿ ಚುರುಕಾದ ಹುಡುಗಿ. ಯಾಕಮ್ಮ ಎಂದು ಕೇಳಿದರೆ, ಆ ವಿಡಿಯೊ ಕಣ್ಣಿಂದ ಹೋಗುತ್ತಿಲ್ಲ ಅಂದಳು. ಅದೇ ವಾರ ಹಿಂದಿನ ಬೆಂಚಿನ ಹುಡುಗನೊಬ್ಬ ಅದೇ ದೃಶ್ಯವನ್ನು ಕೈಯಲ್ಲಿ ಸ್ಕೇಲ್ ಹಿಡಿದು ಗೆಳೆಯರಿಗೆ ಅಭಿನಯಿಸಿ ತೋರಿಸುತ್ತಿದ್ದ. ಅವರು ನಗುತ್ತಿದ್ದರು. ಆ ಹುಡುಗ ಕೆಟ್ಟವನಲ್ಲ. ತಾಯಿಗೆ ಜ್ವರ ಬಂದರೆ ರೊಟ್ಟಿ ತಟ್ಟಿಟ್ಟು ಶಾಲೆಗೆ ಬರುವವನು. ಒಂದೇ ದೃಶ್ಯ ಒಬ್ಬಳ ಮನಸ್ಸಿನಲ್ಲಿ ಭಯವಾಯಿತು, ಇನ್ನೊಬ್ಬನ ಮನಸ್ಸಿನಲ್ಲಿ ಮರಗಟ್ಟಿತು. ಎರಡೂ ಕಡೆ ಮನಸ್ಸು ಹೊರಲಾರದ್ದನ್ನು ಹೊತ್ತಿತ್ತು.

ಭಯದ ವಿಷಯವನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. 2013ರ ಏಪ್ರಿಲ್ 15ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮ್ಯಾರಥಾನ್ ಓಟ ಮುಗಿಯುವ ಜಾಗದಲ್ಲಿ ಬಾಂಬುಗಳು ಸಿಡಿದವು. ಮೂವರು ಸತ್ತರು, ಇನ್ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅಲಿಸನ್ ಹೋಲ್ಮನ್, ಡಾನಾ ರೋಸ್ ಗಾರ್ಫಿನ್, ರಾಕ್ಸೇನ್ ಕೋಹೆನ್ ಸಿಲ್ವರ್ ಎಂಬ ಮೂವರು ಸಂಶೋಧಕಿಯರು ಮುಂದಿನ ಕೆಲವು ವಾರಗಳಲ್ಲಿ 4,675 ಮಂದಿಯನ್ನು ವಿಚಾರಿಸಿದರು. ನಿದ್ದೆ ಹೇಗಿದೆ, ಬೆಚ್ಚಿ ಬೀಳುತ್ತೀರಾ, ಅದೇ ದೃಶ್ಯ ಮತ್ತೆ ಮತ್ತೆ ಬರುತ್ತದೆಯೇ ಎಂಬಂಥ ಪ್ರಶ್ನೆಗಳು. ಸ್ಫೋಟದ ಸ್ಥಳದಲ್ಲೇ ಇದ್ದವರಿಗಿಂತ, ದೂರದಲ್ಲಿದ್ದು ಮೊದಲ ವಾರ ದಿನಕ್ಕೆ ಆರು ಗಂಟೆಗೂ ಮೇಲೆ ಟಿವಿಯಲ್ಲಿ, ಅಂತರ್ಜಾಲದಲ್ಲಿ ಅದರ ಸುದ್ದಿ ಚಿತ್ರಗಳನ್ನೇ ನೋಡುತ್ತ ಕೂತವರಲ್ಲಿ ಮಾನಸಿಕ ಒತ್ತಡದ ಲಕ್ಷಣಗಳು ಹೆಚ್ಚಾಗಿದ್ದವು.

ಮೊದಲ ಸಲ ಓದಿದಾಗ ಇದು ವಿಚಿತ್ರವೆನಿಸಿತು. ಯೋಚಿಸಿದರೆ ವಿಚಿತ್ರವೇನೂ ಅಲ್ಲ. ಸ್ಥಳದಲ್ಲಿದ್ದವರಿಗೆ ಮಾಡಲು ಕೆಲಸವಿತ್ತು. ಬಿದ್ದವರನ್ನು ಎತ್ತಿದವರುಂಟು, ಅಂಗಿ ಹರಿದು ಗಾಯಕ್ಕೆ ಕಟ್ಟಿದವರುಂಟು, ಓಡಿ ಪ್ರಾಣ ಉಳಿಸಿಕೊಂಡವರುಂಟು. ಮನೆಯಲ್ಲಿ ಕೂತವರಿಗೆ ಕಣ್ಣು ಮಾತ್ರ ಇತ್ತು, ಕೈ ಇರಲಿಲ್ಲ. ಅದೂ ಅಲ್ಲದೆ ಸ್ಥಳದಲ್ಲಿ ಬಾಂಬು ಸಿಡಿದದ್ದು ಆ ಒಂದು ಗಳಿಗೆಯಲ್ಲಿ. ಪರದೆಯ ಮೇಲೆ ಅದು ವಾರವಿಡೀ ಸಿಡಿಯುತ್ತಲೇ ಇತ್ತು. ಸಂಶೋಧಕಿಯರು ಇಂಥದೇ ಒಂದು ದೊಡ್ಡ ಗುಂಪನ್ನು ಮೂರು ವರ್ಷ ಹಿಂಬಾಲಿಸಿ 2019ರಲ್ಲಿ ಇನ್ನೊಂದು ಅಂಶವನ್ನು ಪ್ರಕಟಿಸಿದರು. ಒಂದು ದುರಂತದ ದೃಶ್ಯಗಳನ್ನು ಹೆಚ್ಚು ನೋಡಿ ಅಂಜಿದವರೇ ಮುಂದಿನ ದುರಂತದ ದೃಶ್ಯಗಳನ್ನೂ ಹೆಚ್ಚು ಹುಡುಕಿ ನೋಡುತ್ತಾರೆ, ಮತ್ತೆ ಅಂಜುತ್ತಾರೆ. ಉಪ್ಪುನೀರು ಕುಡಿದಷ್ಟೂ ದಾಹ ಹೆಚ್ಚುವ ಹಾಗೆ. ನಮ್ಮ ಮನೆಗಳಲ್ಲಿ ರಾತ್ರಿ ಹನ್ನೊಂದರವರೆಗೆ ಅಪರಾಧದ ಸುದ್ದಿ ನೋಡಿ, ಬಾಗಿಲಿನ ಚಿಲಕವನ್ನು ಮೂರು ಸಲ ಪರೀಕ್ಷಿಸಿ ಮಲಗುವ ಅಕ್ಕಂದಿರು ಎಷ್ಟು ಜನ!

ಈ ದೃಶ್ಯಗಳನ್ನು ನಮಗೆ ಕಾಣದಂತೆ ತೆಗೆದುಹಾಕುವುದನ್ನೇ ಉದ್ಯೋಗ ಮಾಡಿಕೊಂಡವರೂ ಇದ್ದಾರೆ. ಫೇಸ್‌ಬುಕ್‌ನಂಥ ಕಂಪನಿಗಳಿಗಾಗಿ ಕೊಲೆ, ಆತ್ಮಹತ್ಯೆ, ಮಕ್ಕಳ ಮೇಲಿನ ಹಿಂಸೆಯ ಚಿತ್ರಗಳನ್ನು ಪಾಳಿಯ ಮೇಲೆ ಕೂತು ನೋಡಿ, ಇದು ಇರಲಿ, ಇದು ಬೇಡ ಎಂದು ವಿಂಗಡಿಸುವವರು ಅವರು. ಹೈದರಾಬಾದಿನಲ್ಲಿಯೂ ನಮ್ಮ ಮಕ್ಕಳ ವಯಸ್ಸಿನವರು ಈ ಕೆಲಸ ಮಾಡಿದ್ದಾರೆ. ಇದರಿಂದ ಮನಸ್ಸಿನ ಕಾಯಿಲೆ ಬಂತೆಂದು ಅಮೆರಿಕದಲ್ಲಿ ಅಂಥ ನೌಕರರು ದಾವೆ ಹೂಡಿದಾಗ, 2020ರ ಮೇ ತಿಂಗಳಲ್ಲಿ ಫೇಸ್‌ಬುಕ್ 5 ಕೋಟಿ 20 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು ಒಪ್ಪಿತು. ಯುದ್ಧಕ್ಕೆ ಹೋಗಿ ಬಂದ ಸೈನಿಕರಲ್ಲಿ ಕಾಣುವ ಆಘಾತದ ಕಾಯಿಲೆಯೇ ಕುರ್ಚಿಯ ಮೇಲೆ ಕೂತು ನೋಡಿದವರಲ್ಲೂ ಇತ್ತು. ಬರೀ ಚಿತ್ರ ತಾನೆ, ಅದರಿಂದ ಏನಾಗುತ್ತದೆ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಇಲ್ಲಿ ಕೆಲವರು ಒಂದು ಮಾತು ಎತ್ತುತ್ತಾರೆ. 'ನಮ್ಮ ಕಥೆಗಳಲ್ಲಿ ಹಿಂಸೆ ಇರಲಿಲ್ಲವೇ? ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆದದ್ದನ್ನು ಅಜ್ಜಿ ಹೇಳಲಿಲ್ಲವೇ? ಯಕ್ಷಗಾನದಲ್ಲಿ ಕೀಚಕವಧೆ, ದುಶ್ಶಾಸನವಧೆ ನೋಡಿ ಬೆಳೆದವರು ಕೆಟ್ಟರೇ?' ಕೆಡಲಿಲ್ಲ, ನಿಜ. ಆದರೆ ಅಜ್ಜಿಯ ಕಥೆ ಕೇಳಿದ್ದು ಅಜ್ಜಿಯ ಮಡಿಲಿನಲ್ಲಿ. ಹೆದರಿದರೆ ಸೆರಗು ಇತ್ತು, ಪ್ರಶ್ನೆ ಕೇಳಿದರೆ ಉತ್ತರವಿತ್ತು. ಆಟದಲ್ಲಿ ಕೊಲ್ಲುವವನಿಗೂ ಸಾಯುವವನಿಗೂ ಒಂದು ಕಾರಣ, ಒಂದು ಹಿನ್ನೆಲೆ ಇರುತ್ತಿತ್ತು; ಕೊನೆಗೆ ಮಂಗಳ ಹಾಡುತ್ತಿದ್ದರು, ಸತ್ತ ಕೀಚಕ ಚೌಕಿಯಲ್ಲಿ ಬಣ್ಣ ತೆಗೆದು ಚಹಾ ಕುಡಿಯುತ್ತಿದ್ದ. ನಮ್ಮ ನಾಟ್ಯಶಾಸ್ತ್ರಕಾರರಿಗೂ ಈ ಎಚ್ಚರ ಇತ್ತು. ಹತ್ತನೆಯ ಶತಮಾನದ ಧನಂಜಯನ 'ದಶರೂಪಕ'ದಲ್ಲಿ ವಧೆ, ಯುದ್ಧಗಳನ್ನು ರಂಗದ ಮೇಲೆ ನೇರವಾಗಿ ತೋರಿಸದೆ ಸೂಚಿಸಬೇಕೆಂಬ ನಿಯಮವಿದೆ. ಅದನ್ನು ಮೀರಿದವರೂ ಉಂಟು. ಭಾಸನ 'ಊರುಭಂಗ'ದಲ್ಲಿ ದುರ್ಯೋಧನ ನಮ್ಮ ಕಣ್ಣೆದುರೇ ಸಾಯುತ್ತಾನೆ. ಆದರೆ ಅಲ್ಲಿ ಸಾಯುವವನ ಮಾತು ಕೇಳಿಸುತ್ತದೆ. ತಂದೆ ತಾಯಿ ಬರುತ್ತಾರೆ, ಪುಟ್ಟ ಮಗ ತೊಡೆಯೇರಲು ಬರುತ್ತಾನೆ. ನಮ್ಮ ಮೊಬೈಲಿನ ಮೂವತ್ತು ಸೆಕೆಂಡಿನ ಸಾವಿಗೆ ತಂದೆಯೂ ಇಲ್ಲ, ಮಗನೂ ಇಲ್ಲ, ಮಂಗಳವೂ ಇಲ್ಲ.

ಭಯ ಮತ್ತು ಮರಗಟ್ಟುವಿಕೆಯ ಜೊತೆಗೆ ಮೂರನೆಯದೊಂದಿದೆ. ತೀರಿಸಲಾಗದ ಋಣ ಕೋಪವಾಗಿ ತಿರುಗಿ, ಹತ್ತಿರದಲ್ಲಿ ಸಿಕ್ಕವರ ಮೇಲೆ ಬೀಳುವುದು. ಇದನ್ನು ನಮ್ಮ ನಾಡೇ ಕಂಡಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪ್‌ನಲ್ಲಿ ಹಬ್ಬಿತು. ಜೊತೆಗೊಂದು ವಿಡಿಯೊ: ಬೀದಿಯಲ್ಲಿ ಹುಡುಗರು ಆಡುತ್ತಿದ್ದಾರೆ, ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದ ಯಾವ ತಾಯಿಯ ಹೊಟ್ಟೆ ಉರಿಯದು? ಆದರೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ತಿಳಿವಳಿಕೆ ಕೊಡಲು ಮಾಡಿದ ಚಿತ್ರ. ಅದರ ಕೊನೆಯಲ್ಲಿ ಬೈಕಿನವರು ಹಿಂದಿರುಗಿ ಬಂದು ಮಗುವನ್ನು ಇಳಿಸಿ, ಮಗುವನ್ನು ಕದಿಯಲು ಒಂದು ಗಳಿಗೆ ಸಾಕು ಎಂಬರ್ಥದ ಫಲಕ ಹಿಡಿಯುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಹಾಕಿದ್ದರು.

ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರ ಗತಿಯೂ ಅದೇ ಆಯಿತು. ಅವರ ಗುಂಪಿನವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣ. ಅವರ ಕಾರಿಗಿಂತ ಮೊದಲೇ ಸಂದೇಶ ಮುಂದಿನ ಊರನ್ನು ತಲುಪಿತ್ತು. ಪೊಲೀಸರು ಬಂದಿಸಿದವರಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದ. ಹೊಡೆಯುವುದನ್ನೂ ಜನ ಚಿತ್ರೀಕರಿಸಿದರು. ಅದೂ ಮತ್ತೆ ಹಂಚಿಹೋಯಿತು. ಒಂದು ಹಿಂಸೆಯ ಚಿತ್ರ ನೋಡಿದವರು ಇನ್ನೊಂದು ಹಿಂಸೆಯನ್ನು ಮಾಡಿದರು, ಅದು ಮತ್ತೊಂದು ಚಿತ್ರವಾಯಿತು. ಹೊಡೆದವರಲ್ಲಿ ಬಹಳ ಮಂದಿ ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ನಂಬಿದ್ದರೆಂಬುದನ್ನು ನೆನೆದರೆ ಎದೆ ನಡುಗುತ್ತದೆ. ಆ ತಿಂಗಳೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕುವುದಾಗಿ ಹೇಳಿತು. ಯಂತ್ರಕ್ಕೆ ಮಿತಿ ಹಾಕಬಹುದು. ಮನಸ್ಸಿಗೆ?

ಇಷ್ಟೆಲ್ಲ ಹೇಳಿದ ಮೇಲೆ, ಇಂಥ ಯಾವ ಚಿತ್ರವನ್ನೂ ನೋಡಬಾರದು ಎಂದು ತೀರ್ಮಾನಿಸುವುದು ಸುಲಭ. ನಾನು ಹಾಗೆ ತೀರ್ಮಾನಿಸಲಾರೆ. ಏಕೆಂದರೆ ನೋಡಲೇಬೇಕಾಗಿದ್ದ ಚಿತ್ರಗಳೂ ಇವೆ.

1955ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಎಮ್ಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಹಿಂಸಿಸಿ ಕೊಂದು ನದಿಗೆ ಎಸೆದರು. ಶಿಕಾಗೋದಲ್ಲಿದ್ದ ಅವನ ತಾಯಿ ಮೇಮೀ ಟಿಲ್ ಶವಪೆಟ್ಟಿಗೆಯನ್ನು ಮುಚ್ಚಲು ಒಪ್ಪಲಿಲ್ಲ. ನನ್ನ ಮಗನಿಗೆ ಏನು ಮಾಡಿದ್ದಾರೆಂಬುದನ್ನು ಲೋಕ ನೋಡಲಿ ಎಂಬುದು ಅವಳ ಹಟ. ಸಾವಿರಾರು ಜನ ಸಾಲುಗಟ್ಟಿ ಬಂದು ನೋಡಿದರು. 'ಜೆಟ್' ಎಂಬ ಪತ್ರಿಕೆ ಆ ಮುಖದ ಚಿತ್ರವನ್ನು ಅಚ್ಚು ಮಾಡಿತು. ಕೊಂದವರನ್ನು ನ್ಯಾಯಾಲಯ ಬಿಟ್ಟುಬಿಟ್ಟಿತು. ಆದರೆ ಕಪ್ಪು ಜನರ ಹಕ್ಕಿನ ಹೋರಾಟಕ್ಕೆ ಆ ಮುಖ ಕಿಡಿ ಹೊತ್ತಿಸಿತು. ಅಂದು ಕಣ್ಣು ಮುಚ್ಚಿಕೊಂಡವರು ತಮ್ಮ ನೆಮ್ಮದಿ ಉಳಿಸಿಕೊಂಡಿರಬಹುದು. ಧರ್ಮ ಉಳಿಸಿಕೊಂಡರೆಂದು ಹೇಳಲಾಗದು.

ಆ ತಾಯಿಯ ಚಿತ್ರಕ್ಕೂ ನಮ್ಮ ಮೊಬೈಲಿಗೆ ಬರುವ ಚಿತ್ರಗಳಿಗೂ ಇರುವ ವ್ಯತ್ಯಾಸವೇನು? ಚಿತ್ರ ಎಷ್ಟು ಘೋರವಾಗಿದೆ ಎಂಬುದಲ್ಲ. ತೋರಿಸಿದವರು ಯಾರು, ಏತಕ್ಕೆ ತೋರಿಸಿದರು ಎಂಬುದೇ ವ್ಯತ್ಯಾಸ. ಶಿಕಾಗೋದಲ್ಲಿ ನೋಡಿ ಎಂದು ಕರೆದವಳು ಹೆತ್ತವಳು. ದುಃಖದ ಒಡತಿ ಅವಳು; ಆ ಮುಖವನ್ನು ತೋರಿಸುವ ಹಕ್ಕೂ ಅವಳದು. ಅವಳ ಕರೆಗೆ ಓಗೊಟ್ಟು ಬಂದವರು ಅವಳ ಋಣಕ್ಕೆ ಬಿದ್ದರು, ಅದನ್ನು ತೀರಿಸಲು ಹೋರಾಟಕ್ಕಿಳಿದರು.

ಇದಕ್ಕೆ ತೀರ ವಿರುದ್ಧವಾದದ್ದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ನಡೆಯಿತು. 2019ರ ಮಾರ್ಚ್ 15ರಂದು ಒಬ್ಬ ಹಂತಕ ಎರಡು ಮಸೀದಿಗಳಲ್ಲಿ 51 ಮಂದಿಯನ್ನು ಕೊಂದ. ಕೊಲ್ಲುವುದನ್ನು ತಲೆಗೆ ಕಟ್ಟಿಕೊಂಡ ಕ್ಯಾಮೆರಾದಿಂದ ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ಮೊದಲ 24 ಗಂಟೆಗಳಲ್ಲೇ ಆ ವಿಡಿಯೊದ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದ್ದಾಗಿ ಕಂಪನಿ ತಿಳಿಸಿತು. ಅಂದರೆ ಅಷ್ಟು ಸಲ ಯಾರಾದರೂ ಅದನ್ನು ಹಂಚಲು ಬೆರಳೊತ್ತಿದ್ದರು! ಇಲ್ಲಿ ತೋರಿಸಿದವನು ಕೊಂದವನೇ. ನೋಡುವವರಿಗಾಗಿಯೇ ಅವನು ಕೊಂದದ್ದು. ನೋಡಿದವರೆಲ್ಲ ಅವನ ಕಣ್ಣಿನಿಂದಲೇ ನೋಡಬೇಕಾಯಿತು, ಸಾಯುವವರ ಕಣ್ಣಿನಿಂದಲ್ಲ. ಆ ದೇಶ ಆ ವಿಡಿಯೊವನ್ನು ನಿಷೇಧಿಸಿತು. ಪ್ರಧಾನಿ ಜೆಸಿಂಡಾ ಆರ್ಡರ್ನ್ ಹಂತಕನ ಹೆಸರನ್ನು ತಾನು ಉಚ್ಚರಿಸುವುದಿಲ್ಲ ಎಂದು ಸಂಸತ್ತಿನಲ್ಲೇ ಹೇಳಿದರು. ಸತ್ತವರ ಹೆಸರು ಹೇಳಿ ಎಂದರು. ನೋಡದಿರುವುದೂ ಒಂದು ಧರ್ಮವಾಗುವುದು ಇಂಥ ಕಡೆ.

ಈ ಎರಡರ ನಡುವೆ ನಮ್ಮನ್ನು ಕಟಕಟೆಗೆ ಹತ್ತಿಸುವ ಪ್ರಸಂಗಗಳಿವೆ. 2023ರ ಮೇ 4ರಂದು ಮಣಿಪುರದಲ್ಲಿ ಇಬ್ಬರು ಮಹಿಳೆಯರನ್ನು ಗುಂಪೊಂದು ಬೆತ್ತಲೆ ಮೆರವಣಿಗೆ ಮಾಡಿತು. ಮೇ 18ರಂದು ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಯಿತು. ನಡೆದದ್ದೆಲ್ಲ ಅದರಲ್ಲಿ ಅಕ್ಷರಗಳಲ್ಲಿ ಇತ್ತು. ಎರಡು ತಿಂಗಳು ದೇಶ ಅಲುಗಲಿಲ್ಲ. ಜುಲೈ 19ರಂದು ಆ ಕೃತ್ಯದ ವಿಡಿಯೊ ಹೊರಬಂತು. ಮರುದಿನ ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯವನ್ನು ಎತ್ತಿಕೊಂಡಿತು, ಪ್ರಧಾನಿ ಮಾತಾಡಿದರು, ಬಂಧನಗಳಾದವು. ಹಾಗಾದರೆ ಆ ವಿಡಿಯೊ ಹೊರಬಂದದ್ದು ಒಳ್ಳೆಯದಾಯಿತೇ?

ಒಳ್ಳೆಯದಾಯಿತು ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಆ ಇಬ್ಬರು ಹೆಣ್ಣುಮಕ್ಕಳು ಮೇ ತಿಂಗಳಲ್ಲಿ ಒಂದು ಗುಂಪಿನ ಎದುರು ನಡೆದರು. ಜುಲೈನಲ್ಲಿ ಇಡೀ ದೇಶದ ಎದುರು ನಡೆದರು. ದ್ರೌಪದಿಯನ್ನು ಎಳೆದು ತಂದದ್ದು ಒಂದು ಸಭೆಗೆ. ನಾವು ಮನೆಮನೆಯನ್ನೂ ಆ ಸಭೆ ಮಾಡಿದೆವು. ಹಾಗೆಂದು ವಿಡಿಯೊ ಬರಬಾರದಿತ್ತು ಎಂದೂ ಹೇಳಲಾರೆ, ಬರದಿದ್ದರೆ ದೂರಿನ ಕಾಗದ ಇನ್ನೂ ಎಷ್ಟು ದಿನ ಧೂಳು ತಿನ್ನುತ್ತಿತ್ತೋ. ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಕೇಳಬೇಕಾದ ಪ್ರಶ್ನೆ ವಿಡಿಯೊ ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ. ಹೆಣ್ಣಿನ ಮಾತು ಯಾಕೆ ಸಾಲದಾಯಿತು ಎಂಬುದು. ದೂರಿನಲ್ಲಿದ್ದ ಮಾತನ್ನು ನಂಬಿದ್ದರೆ ಆ ದೇಹಗಳನ್ನು ಲೋಕ ನೋಡಬೇಕಾಗಿ ಬರುತ್ತಿರಲಿಲ್ಲ. ಮಾತಿಗೆ ಬೆಲೆ ಇಲ್ಲದ ಕಡೆಯಲ್ಲೇ ಚಿತ್ರ ಬೇಕಾಗುತ್ತದೆ.

ಹಿಂಸೆಯ ಚಿತ್ರಗಳು ನಮ್ಮ ಮನಸ್ಸಿಗೆ ಮಾಡುತ್ತಿರುವ ಅತಿ ದೊಡ್ಡ ಹಾನಿ ನನ್ನ ಮಟ್ಟಿಗೆ ಇದೇ. ಭಯ ಒಂದು ದಿನ ಇಳಿದೀತು, ಮರಗಟ್ಟಿದ ಮನಸ್ಸು ಕರಗೀತು. ಆದರೆ ಕಣ್ಣಿಗೆ ಕಂಡದ್ದೇ ಸತ್ಯ, ಕಾಣದ್ದು ಸುಳ್ಳು ಎಂಬ ಅಭ್ಯಾಸ ಬೇರೂರಿದರೆ ತೆಗೆಯುವುದು ಕಷ್ಟ. ದಿನಕ್ಕೆ ಹತ್ತು ಘೋರ ದೃಶ್ಯ ನೋಡಿದವಳಿಗೆ ಪಕ್ಕದ ಮನೆಯವಳು ಮೆಲ್ಲಗೆ, 'ಅಕ್ಕಾ, ರಾತ್ರಿ ಮತ್ತೆ ಕೈಮಾಡಿದರು' ಎಂದರೆ ಆ ಮಾತು ಸಪ್ಪೆಯಾಗಿ ಕೇಳುತ್ತದೆ. ಗಾಯವೆಲ್ಲಿ, ರಕ್ತವೆಲ್ಲಿ ಎಂದು ಕಣ್ಣು ಹುಡುಕುತ್ತದೆ. ನಮ್ಮ ಹೆಂಗಸರ ಬಹುಪಾಲು ಸಂಕಟಗಳಿಗೆ ವಿಡಿಯೊ ಇರುವುದಿಲ್ಲ. ಬಾಗಿಲು ಹಾಕಿದ ಮೇಲೆ ನಡೆಯುವ ಸಂಗತಿಗಳು ಅವು.

2024ರ ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆಯ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಹಂಚಿಹೋದ ಪೆನ್‌ಡ್ರೈವ್‌ಗಳನ್ನು ನಾವು ಮರೆಯಬಾರದು. ಲೈಂಗಿಕ ದೌರ್ಜನ್ಯದ ದೃಶ್ಯಗಳು. ಹೆಣ್ಣುಮಕ್ಕಳ ಮುಖಗಳನ್ನು ಮಸುಕು ಕೂಡ ಮಾಡಿರಲಿಲ್ಲ. ಕೆಲವರು ಊರು ಬಿಟ್ಟು ಹೋದರೆಂದು ಪತ್ರಿಕೆಗಳು ಬರೆದವು. ಆ ದೃಶ್ಯಗಳನ್ನು ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧವೆಂದು ವಿಶೇಷ ತನಿಖಾ ತಂಡ ಎಚ್ಚರಿಕೆ ಕೊಡಬೇಕಾಯಿತು. ತನಿಖೆ ಮಾಡುವವರು ಅವನ್ನು ನೋಡಬೇಕಿತ್ತು, ನ್ಯಾಯಾಧೀಶರು ನೋಡಬೇಕಿತ್ತು. ಅದು ಅವರ ಕರ್ತವ್ಯ. ಊರಿನವರು, ನೆಂಟರು, ಸಹೋದ್ಯೋಗಿಗಳು ಏತಕ್ಕೆ ನೋಡಬೇಕಿತ್ತು? ಮನೆಗೆಲಸದ ಒಬ್ಬ ಮಹಿಳೆ ಮುಂದೆ ಬಂದು ದೂರು ಕೊಟ್ಟು, ನ್ಯಾಯಾಲಯದಲ್ಲಿ ನಿಂತು ತನಗಾದದ್ದನ್ನು ಹೇಳಿದಳು. 2025ರ ಆಗಸ್ಟ್‌ನಲ್ಲಿ ಆ ಪ್ರಕರಣದಲ್ಲಿ ಆರೋಪಿಗೆ ಜೀವಾವಧಿ ಶಿಕ್ಷೆಯಾಯಿತು. ಅವಳು ಊರಿನಿಂದ ಬಯಸಿದ್ದು ತನ್ನ ಮಾತನ್ನು ನಂಬುವ ಕಿವಿಗಳನ್ನು. ಊರು ಕೊಟ್ಟದ್ದು ಕಣ್ಣುಗಳನ್ನು.

ಮಹಾಭಾರತದಲ್ಲಿ ಯುದ್ಧಕ್ಕೆ ಮುಂಚೆ ವ್ಯಾಸರು ಧೃತರಾಷ್ಟ್ರನಿಗೆ, ಬೇಕಾದರೆ ಯುದ್ಧವನ್ನು ನೋಡಲು ಕಣ್ಣು ಕೊಡುತ್ತೇನೆ ಎನ್ನುತ್ತಾರೆ. ಬಂಧುಗಳ ವಧೆಯನ್ನು ನೋಡಲಾರೆ, ಕೇಳುತ್ತೇನೆ ಎಂದು ಅವನು ಹೇಳುತ್ತಾನೆ. ದಿವ್ಯದೃಷ್ಟಿ ಸಂಜಯನಿಗೆ ಸಿಗುತ್ತದೆ. ಅರಸ ಕೇಳುತ್ತಾನೆ, ಅಳುತ್ತಾನೆ, ಮೂರ್ಛೆ ಹೋಗುತ್ತಾನೆ, ಎದ್ದು ಮತ್ತೆ 'ಆಮೇಲೇನಾಯಿತು?' ಎಂದು ಕೇಳುತ್ತಾನೆ. ಹದಿನೆಂಟು ದಿನಗಳಲ್ಲಿ ಒಮ್ಮೆಯೂ ಯುದ್ಧ ನಿಲ್ಲಿಸಿ ಎನ್ನುವುದಿಲ್ಲ. ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳುತ್ತ ಕೂತ ನಮ್ಮನ್ನು ಕಂಡಾಗಲೆಲ್ಲ ನನಗೆ ಆ 'ಆಮೇಲೇನಾಯಿತು' ನೆನಪಾಗುತ್ತದೆ.

ಯುದ್ಧ ಮುಗಿದ ಮೇಲೆ ನೋಡುವ ಸರದಿ ಗಾಂಧಾರಿಯದು. ಜೀವಮಾನವಿಡೀ ಕಣ್ಣಿಗೆ ಬಟ್ಟೆ ಕಟ್ಟಿದ್ದವಳು ಸ್ತ್ರೀಪರ್ವದಲ್ಲಿ ವ್ಯಾಸರ ವರದಿಂದ ಇಡೀ ರಣರಂಗವನ್ನು ನೋಡುತ್ತಾಳೆ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಗುರುತಿಸುತ್ತಾಳೆ. ತನ್ನ ಮಕ್ಕಳಿಗಾಗಿ ಮಾತ್ರ ಅಲ್ಲ, ಅಭಿಮನ್ಯುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಉತ್ತರೆಗಾಗಿ, ಕರ್ಣನ ಹೆಂಡತಿಗಾಗಿಯೂ ಅಳುತ್ತಾಳೆ. ಆಮೇಲೆ ಕೃಷ್ಣನ ಕಡೆ ತಿರುಗಿ, ತಡೆಯಬಲ್ಲವನಾಗಿದ್ದೂ ಯಾಕೆ ತಡೆಯಲಿಲ್ಲ ಎಂದು ಕೇಳುತ್ತಾಳೆ. ನೋಡುವುದಾದರೆ ಹೀಗೆ ನೋಡಬೇಕು. ಹೆಸರು ಹಿಡಿದು, ಪರರೆನ್ನದೆ ಅತ್ತು, ತಡೆಯಬಲ್ಲವರನ್ನು ಪ್ರಶ್ನಿಸಿ.

ನಾವು ಗಾಂಧಾರಿಯರಲ್ಲ, ದಿನಕ್ಕೆ ಹತ್ತು ರಣರಂಗ ನೋಡುವ ಶಕ್ತಿ ನಮಗಿಲ್ಲ. ಅದಕ್ಕೇ ಕೆಲವು ಸಣ್ಣ ಕಟ್ಟುಪಾಡುಗಳನ್ನು ನಾನು ಹಾಕಿಕೊಂಡಿದ್ದೇನೆ. ಮೊಬೈಲಿಗೆ ಬರುವ ಚಿತ್ರಗಳು ತಾವಾಗಿ ಇಳಿಯದಂತೆ ಆ ಸೌಲಭ್ಯವನ್ನು ನಿಲ್ಲಿಸಿದ್ದೇನೆ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡು ನಿಮಿಷದ ಕೆಲಸ, ಬಾರದಿದ್ದರೆ ಮಕ್ಕಳನ್ನು ಕೇಳಬಹುದು. ಇಂಥ ದೃಶ್ಯ ಬಂದರೆ ತೆರೆಯುವ ಮುನ್ನ, ತೋರಿಸುತ್ತಿರುವವರು ಯಾರು, ನೋಡಿದ ಮೇಲೆ ನಾನು ಮಾಡಬಹುದಾದದ್ದು ಏನಾದರೂ ಇದೆಯೇ ಎಂದು ಕೇಳಿಕೊಳ್ಳುತ್ತೇನೆ. ಎರಡಕ್ಕೂ ಉತ್ತರವಿಲ್ಲದಿದ್ದರೆ ತೆರೆಯುವುದಿಲ್ಲ, ಯಾರಿಗೂ ಕಳಿಸುವುದೂ ಇಲ್ಲ. ಸುದ್ದಿಯನ್ನು ಮರುದಿನ ಪತ್ರಿಕೆಯಲ್ಲಿ ಓದುತ್ತೇನೆ. ಅಕ್ಷರ ಓದುವಾಗ ಮನಸ್ಸಿಗೆ ಯೋಚಿಸಲು ಎಡೆಯಿರುತ್ತದೆ. ಮಕ್ಕಳು ಏನಾದರೂ ನೋಡಿ ಬಂದರೆ ಗದರದೆ, ಕೂರಿಸಿಕೊಂಡು, ಏನು ನೋಡಿದೆ, ನೋಡಿದಾಗ ಏನನ್ನಿಸಿತು, ಬಿದ್ದವನಿಗೆ ಅಮ್ಮ ಇದ್ದಿರಬಹುದೇ ಎಂದು ಕೇಳುತ್ತೇನೆ. ಸ್ಕೇಲ್ ಹಿಡಿದಿದ್ದ ಹುಡುಗನನ್ನೂ ಹೀಗೇ ಕೇಳಿದೆ. ಅವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಪಿಯುಸಿಗೆ ಹೊರಗೆ ಹೋಗಲು ಅಂಜಿದ್ದ ಹುಡುಗಿಯ ಜೊತೆ ಮಾತಾಡಲು ಒಂದು ದಿನ ಸಾಲಲಿಲ್ಲ, ಒಂದು ವರ್ಷವೇ ಬೇಕಾಯಿತು. ಈಗ ಅವಳು ಜಿಲ್ಲಾ ಕೇಂದ್ರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ.

ಕೈಗೆ ಎಟುಕುವ ಋಣಗಳು ನಮ್ಮ ಸುತ್ತ ಬೇಕಾದಷ್ಟಿವೆ. ಮಗುವಿಗೆ ತೊಂದರೆಯೆಂದು ಗೊತ್ತಾದರೆ 1098, ಹೆಣ್ಣಿಗಾದರೆ 181, ತುರ್ತಿಗೆ 112. ಈ ಮೂರು ಸಂಖ್ಯೆಗಳನ್ನು ನಮ್ಮ ಶಾಲೆಯ ಹೆಣ್ಣುಮಕ್ಕಳು ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದುಕೊಂಡಿದ್ದಾರೆ. ಅದೇ ಮೊಬೈಲಿನಿಂದಲೇ ಇವುಗಳಿಗೂ ಕರೆ ಹೋಗುತ್ತದೆ.

ಗೋಡೆಯಾಚೆ ಪಾತ್ರೆ ಬಿದ್ದ ಸದ್ದು, ಒತ್ತಿ ಹಿಡಿದ ಅಳು ಕೇಳಿಸಿದ ರಾತ್ರಿಯ ಮಾರನೆಯ ಬೆಳಿಗ್ಗೆ ಒಂದು ಬಟ್ಟಲು ಸಾರು ಹಿಡಿದುಕೊಂಡು ಆ ಬಾಗಿಲು ತಟ್ಟಬಹುದು. ಅವಳು ಏನೂ ಆಗಿಲ್ಲ ಎನ್ನಬಹುದು. ಬಟ್ಟಲು ವಾಪಸು ಕೊಡಲು ಬಂದಾಗ ಹೇಳಬಹುದು. ಹೇಳಿದ ದಿನ ಗಾಯ ತೋರಿಸು ಎನ್ನದೆ ನಂಬಿದರೆ ಸಾಕು.